17 ನಿಮಿಷ ಬಾಕಿ ಇತ್ತು

ಕೊಲೆ ಮಾಡಿದ್ದು ಯಾರು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಅಡುಗೆಯವನ ಮೇಲೆ ಅನುಮಾನ ಇದೆ. ಅರ್ಧ ಸಿನಿಮಾದಿಂದಲೂ ಅವನದು ಅತಿವಿನಯ. ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಗಂಟಲು ಸರಿಮಾಡಿಕೊಂಡು, ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ದೊಡ್ಡಪ್ಪನ ಫೋನ್ ಬಂತು. ಸಿನಿಮಾ ನಿಲ್ಲಿಸಿದೆ. ದೊಡ್ಡಪ್ಪನಿಗೆ ಮೊಣಕಾಲು ನೋವು. ಎಡಗಾಲಿನದ್ದು ಪೂರ್ತಿ ಹೇಳಿ ಮುಗಿಸಿದ ಮೇಲೆ ಬಲಗಾಲಿಗೆ ಬರುವುದು ಅವರ ಕ್ರಮ. ಕೇಳಿಸಿಕೊಂಡು ವಾಪಸ್ ಬಂದರೆ ಪತ್ತೇದಾರನೂ ಇಲ್ಲ, ಅಡುಗೆಯವನೂ ಇಲ್ಲ. ಪರದೆಯ ಮೇಲೆ ಒಂದೇ ಸಾಲು: ನಿಮ್ಮ ಬಾಡಿಗೆ ಅವಧಿ ಮುಗಿದಿದೆ.

ಬಾಕಿ ಇದ್ದದ್ದು 17 ನಿಮಿಷ.

ನಿಯಮ ನಿಮಗೂ ಗೊತ್ತಿರುತ್ತದೆ. ಆನ್‌ಲೈನ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡರೆ, ದುಡ್ಡು ಕಟ್ಟಿದ ದಿನದಿಂದ 30 ದಿನ ಸಿನಿಮಾ ನಿಮ್ಮ ಪಟ್ಟಿಯಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಯಾರ ತಕರಾರೂ ಇಲ್ಲ. ಒಮ್ಮೆ ಪ್ಲೇ ಒತ್ತಿದಿರೋ, 48 ಗಂಟೆ. ಆಮೇಲೆ ಮಾಯ. 29 ದಿನ ಕೆಡದೆ ಇದ್ದ ಸಿನಿಮಾ ಒಂದು ಗುಂಡಿ ಮುಟ್ಟಿದ ತಕ್ಷಣ ಹಾಲಿನ ಹಾಗೆ ಒಡೆಯಲು ಶುರುವಾಗುತ್ತದೆ. ನೀವೇ ಒತ್ತಬೇಕು ಅಂತಲೂ ಇಲ್ಲ. ಸೋಫಾದಲ್ಲಿ ಬಿದ್ದ ರಿಮೋಟ್ ಮೇಲೆ ಯಾರಾದರೂ ಕೂತರೂ ಸಾಕು. ಯಂತ್ರಕ್ಕೆ ಬೆರಳೂ ಒಂದೇ, ಅಂಡೂ ಒಂದೇ.

ನಾನು ಬೈಯುತ್ತಿಲ್ಲ. ಈ ನಿಯಮದ ಹಿಂದೆ ಎಷ್ಟು ಕಾಳಜಿ ಇದೆ ನೋಡಿ. ಶುರು ಮಾಡಿದ್ದನ್ನು ಮುಗಿಸಪ್ಪಾ ಅಂತ ನನಗೆ ಹೇಳುವವರು ಈ ಲೋಕದಲ್ಲಿ ಬೇರೆ ಯಾರಿದ್ದಾರೆ? ನನ್ನ ಕಪಾಟಿನಲ್ಲಿ 40ನೇ ಪುಟಕ್ಕೆ ನಿಂತ ಪುಸ್ತಕಗಳು ಎಷ್ಟೋ ವರ್ಷದಿಂದ ಇವೆ. ಒಂದಾದರೂ ಮೂರನೇ ರಾತ್ರಿ ಎದ್ದು ಹೊರಟುಹೋಗಿಲ್ಲ. ವ್ಯಾಯಾಮಕ್ಕೆ ಅಂತ ತಂದ ಸೈಕಲ್ ಮೇಲೆ ಈಗ ಟವೆಲ್ ಒಣಗುತ್ತದೆ. ಅದೂ ಸುಮ್ಮನಿದೆ. ಸಿನಿಮಾ ಕಂಪನಿಯೊಂದೇ ನನ್ನ ಸೋಮಾರಿತನವನ್ನು ಗಂಭೀರವಾಗಿ ತೆಗೆದುಕೊಂಡಿರುವುದು.

ಆದರೆ ಈ 48ರ ಲೆಕ್ಕ ಸ್ವಲ್ಪ ನೋಡಿ. ಕೇಳಲು ಎರಡು ದಿನ. ಧಾರಾಳ ಅನ್ನಿಸುತ್ತದೆ. ಆದರೆ ನಾವು ಸಿನಿಮಾ ನೋಡುವುದು ದಿನವಿಡೀ ಅಲ್ಲವಲ್ಲ. ರಾತ್ರಿ ಊಟ ಆದ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ. ಇವತ್ತು 9ಕ್ಕೆ ಶುರು ಮಾಡಿದರೆ ನಾಡಿದ್ದು 9ಕ್ಕೆ ಬೀಗ. ಅಂದರೆ ಮೂರನೇ ರಾತ್ರಿ ನೀವು ತಟ್ಟೆ ತೊಳೆದಿಟ್ಟು ಬಂದು ಕೂರುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತದೆ. ನಿಮಗೆ ಸಿಕ್ಕಿದ್ದು ಎರಡು ರಾತ್ರಿ. ಅದರಲ್ಲಿ ಒಂದು ರಾತ್ರಿ ನಿದ್ದೆ ಬಂತು (ಅದು ಸಿನಿಮಾದ ತಪ್ಪಲ್ಲ, ನನ್ನ ವಯಸ್ಸಿನದು), ಇನ್ನೊಂದು ರಾತ್ರಿ ಕರೆಂಟು ಹೋಯಿತು. ಮುಗೀತು. ನಾನು ಬುದ್ಧಿವಂತಿಕೆ ಮಾಡಿ ಮೂರನೇ ದಿನ 7 ಗಂಟೆಗೇ ಕೂತಿದ್ದೆ. ಮೊಣಕಾಲಿನ ವಿಷಯ ನನ್ನ ಲೆಕ್ಕದಲ್ಲಿ ಇರಲಿಲ್ಲ.

48 ಕೊಟ್ಟಿದ್ದೇ ದೊಡ್ಡದು ಅನ್ನುವವರೂ ಇದ್ದಾರೆ. 2008ರ ಜನವರಿಯಲ್ಲಿ ಆಪಲ್ ಕಂಪನಿ ತನ್ನ ಆನ್‌ಲೈನ್ ಅಂಗಡಿ ಐಟ್ಯೂನ್ಸ್‌ನಲ್ಲಿ ಸಿನಿಮಾ ಬಾಡಿಗೆ ಶುರು ಮಾಡಿದಾಗ ಅಮೆರಿಕದವರಿಗೆ ಸಿಕ್ಕಿದ್ದು 24 ಗಂಟೆ. ಇವತ್ತು 9ಕ್ಕೆ ಶುರು, ನಾಳೆ 9ಕ್ಕೆ ಕೊನೆ. ಉಳಿದರ್ಧ ನೋಡಬೇಕಾದರೆ ಆಫೀಸಿನಿಂದ ಬೇಗ ಹೊರಡಬೇಕು. ಕಾರಣ ಕೇಳಿದರೆ ಏನು ಹೇಳುವುದು, ನಾಯಕಿ ಅಪಾಯದಲ್ಲಿದ್ದಾಳೆ ಅಂತಲೇ? ತಮಾಷೆ ಎಂದರೆ ಅದೇ ಆಪಲ್ ಬೇರೆ ದೇಶಗಳಲ್ಲಿ 48 ಗಂಟೆ ಕೊಟ್ಟಿತು. ಅಮೆರಿಕದವರು ನಮಗಿಂತ ಎರಡು ಪಟ್ಟು ಬೇಗ ನೋಡುತ್ತಾರೆ ಅಂತ ಯಾರೋ ಎಲ್ಲೋ ಅಳೆದಿರಬೇಕು. 2017ರಲ್ಲಿ ಅವರಿಗೂ 48 ಆಯಿತು. ಒಂಬತ್ತು ವರ್ಷದಲ್ಲಿ ಪ್ರಗತಿ: ಒಂದು ದಿನ.

ಈ 48 ಎಲ್ಲಿಂದ ಬಂತು ಅನ್ನುವುದೇ ಒಂದು ಪುರಾಣ. ಸ್ವಲ್ಪ ಹೇಳಿಬಿಡುತ್ತೇನೆ, ಹೇಗೂ ನನಗೆ ನೋಡಲು ಸಿನಿಮಾ ಇಲ್ಲ.

1998ರಲ್ಲಿ ಅಮೆರಿಕದಲ್ಲಿ ಸರ್ಕಿಟ್ ಸಿಟಿ ಎಂಬ ಅಂಗಡಿ ಸರಣಿಯವರು ಡಿವೆಕ್ಸ್ ಅಂತ ಒಂದು ಡಿಸ್ಕ್ ತಂದರು. ನೋಡಲು ಡಿವಿಡಿಯೇ. ಬೆಲೆ ಕಡಿಮೆ. ವಾಪಸ್ ಕೊಡುವ ರಗಳೆ ಇಲ್ಲ, ನಿಮ್ಮ ಮನೆಯಲ್ಲೇ ಇರಲಿ. ಆದರೆ ಮೊದಲ ಸಲ ಹಾಕಿದ ಮೇಲೆ 48 ಗಂಟೆ ಮಾತ್ರ ಓಡುತ್ತದೆ. ಮತ್ತೆ ನೋಡಬೇಕೇ, ಮತ್ತೆ ದುಡ್ಡು. ಅದಕ್ಕೆ ಬೇರೆಯೇ ಪ್ಲೇಯರ್ ಬೇಕು. ಆ ಪ್ಲೇಯರಿಗೆ ಟೆಲಿಫೋನ್ ತಂತಿ ಸಿಕ್ಕಿಸಬೇಕು. ಅದು ಆಗಾಗ ತಾನೇ ಕಂಪನಿಗೆ ಫೋನ್ ಮಾಡಿ ನೀವು ಏನೇನು ನೋಡಿದಿರಿ ಅಂತ ಒಪ್ಪಿಸುತ್ತಿತ್ತು. ನಮ್ಮದೇ ಮನೆ, ನಮ್ಮದೇ ಫೋನು, ನಮ್ಮ ಮೇಲೇ ಚಾಡಿ. ಜನ ಮುಟ್ಟಲಿಲ್ಲ. 1999ರ ಜೂನ್‌ನಲ್ಲಿ ಡಿವೆಕ್ಸ್ ವ್ಯಾಪಾರ ನಿಂತಿತು. ಇನ್ನೆರಡು ವರ್ಷಕ್ಕೆ ಕಂಪನಿ ಫೋನ್ ಎತ್ತುವುದನ್ನೂ ನಿಲ್ಲಿಸಿತು, ಉಳಿದ ಡಿಸ್ಕುಗಳು ಬರೀ ಬಿಲ್ಲೆಗಳಾದವು. ಇದರ ನಡುವೆ ಯಾರೋ ಒಬ್ಬ ತುಂಟ, ಸಿನಿಮಾವನ್ನು ಚಿಕ್ಕ ಫೈಲಿಗೆ ಹಿಂಡುವ ತನ್ನ ತಂತ್ರಾಂಶಕ್ಕೆ ಅದೇ ಹೆಸರಿಟ್ಟು, ಪಕ್ಕದಲ್ಲಿ ಕಣ್ಣು ಮಿಟುಕಿಸುವ ಮುಖದ ಚಿಹ್ನೆಯನ್ನೂ ಸೇರಿಸಿದ. ಕಳ್ಳ ಪ್ರತಿ ಹಂಚುವವರಿಗೆಲ್ಲ ಅದು ಅಚ್ಚುಮೆಚ್ಚಾಯಿತು. ಹೆಸರು ಉಳಿದದ್ದು ಹಾಗೆ.

ಆಮೇಲೆ ಬಂತು ನನ್ನ ಮೆಚ್ಚಿನದು, ಫ್ಲೆಕ್ಸ್‌ಪ್ಲೇ. 2003ರಲ್ಲಿ ಡಿಸ್ನಿಯವರು ಅಮೆರಿಕದ ಕೆಲವು ಊರುಗಳಲ್ಲಿ ಇದನ್ನು ಮಾರಿ ನೋಡಿದರು. ಗಾಳಿಯಾಡದ ಪೊಟ್ಟಣದಲ್ಲಿ ಒಂದು ಕೆಂಪು ಡಿಸ್ಕ್. ಪೊಟ್ಟಣ ಒಡೆದರೆ ಗಾಳಿ ತಾಗುತ್ತದೆ. ಗಾಳಿ ತಾಗಿದರೆ ಡಿಸ್ಕಿನೊಳಗಿನ ಬಣ್ಣ ನಿಧಾನವಾಗಿ ಕಪ್ಪಾಗುತ್ತದೆ. ಕಪ್ಪಾದರೆ ಪ್ಲೇಯರಿನ ಬೆಳಕು ಒಳಗೆ ಹೋಗುವುದಿಲ್ಲ. ಎಷ್ಟು ಹೊತ್ತು? ಹೌದು, 48 ಗಂಟೆ! ಆಮೇಲೆ ಕಸದ ಬುಟ್ಟಿ. ಪರಿಸರದವರು ಬೈದರು, ಜನ ಕೊಳ್ಳಲಿಲ್ಲ, ಕೆಲವು ವರ್ಷದಲ್ಲಿ ಅದೂ ಕಾಣೆಯಾಯಿತು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಡಿಸ್ಕಿನ ಮೇಲೆ ಗೌರವ ಇದೆ. ಅದು ನಿಮ್ಮ ಕಣ್ಣೆದುರೇ ಸಾಯುತ್ತಿತ್ತು. ಬೆಳಿಗ್ಗೆ ಎದ್ದು ಎತ್ತಿ ನೋಡಿದರೆ ಎಷ್ಟು ಕಪ್ಪಾಗಿದೆ, ಇನ್ನೆಷ್ಟು ಜೀವ ಇದೆ ಅಂತ ಗೊತ್ತಾಗುತ್ತಿತ್ತು. ಸತ್ತ ಮೇಲೆ ಕೊನೆಗೆ ಮೈಯಾದರೂ ಸಿಗುತ್ತಿತ್ತು. ನನ್ನ ಸಿನಿಮಾಕ್ಕೆ ಏನೂ ಆಗಿಲ್ಲ. ಅಲ್ಲೇ ಇದೆ, ಮೊದಲಿನಷ್ಟೇ ಗಟ್ಟಿಮುಟ್ಟಾಗಿದೆ, ಪೋಸ್ಟರಿನಲ್ಲಿ ನಗುತ್ತಿದೆ.

ಕ್ಯಾಸೆಟ್ ಕಾಲದಲ್ಲಿ ಗಡುವಿಗೆ ಅರ್ಥ ಇತ್ತು. ಕ್ಯಾಸೆಟ್ ಇದ್ದದ್ದು ಒಂದು. ನಾನು ಇಟ್ಟುಕೊಂಡರೆ ಇನ್ನೊಬ್ಬನಿಗೆ ಸಿಗದು. ತಡ ಮಾಡಿದರೆ ದಂಡ, ಸರಿ. ಈಗ ಯಾರು ಕಾಯುತ್ತಿದ್ದಾರೆ? ಬಾವಿಯಿಂದ ನೀರು ಸೇದಿದರೆ ಒಂದು ಕೊಡವಾದರೂ ಕಡಿಮೆಯಾಗುತ್ತದೆ. ನಾನು 17 ನಿಮಿಷ ನೋಡಿದರೆ ಯಾರ ಪಾಲು ಕಡಿಮೆಯಾಯಿತು? ಕ್ಯಾಸೆಟ್ ಹೋಯಿತು, ರೀಲು ಸುತ್ತುವ ಕೆಲಸ ಹೋಯಿತು, ವಾಪಸ್ ಕೊಡಲು ಓಡುವುದು ಹೋಯಿತು. ಗಡುವು ಒಂದನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾರೆ, ಹಳೇ ಮನೆ ಕೆಡವಿದವರು ಬೀಗ ಮಾತ್ರ ತಂದಿಟ್ಟುಕೊಂಡ ಹಾಗೆ.

ನಾವು ಯಾವಾಗ ನೋಡುತ್ತೇವೆ ಅನ್ನುವುದರ ಮೇಲೆ ಈ ಉದ್ಯಮಕ್ಕೆ ಮೊದಲಿನಿಂದಲೂ ಕಣ್ಣು. ಟೀವಿಯಲ್ಲಿ ಬಂದದ್ದನ್ನು ಟೇಪಿಗೆ ಇಳಿಸಿಕೊಂಡು ಆಮೇಲೆ ನೋಡುತ್ತಾರೆ ಅಂತ ಯೂನಿವರ್ಸಲ್ ಮತ್ತು ಡಿಸ್ನಿ 1976ರಲ್ಲೇ, ಹಾಗೆ ಇಳಿಸುವ ಯಂತ್ರ ಮಾಡುತ್ತಿದ್ದ ಸೋನಿ ಕಂಪನಿಯನ್ನು ಕೋರ್ಟಿಗೆ ಎಳೆದಿದ್ದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರಲ್ಲಿ ತೀರ್ಪು ಕೊಟ್ಟಿತು: ಮನೆಯಲ್ಲಿ ತನಗೆ ಪುರುಸೊತ್ತಾದಾಗ ನೋಡಲು ಇಳಿಸಿಕೊಂಡರೆ ತಪ್ಪಿಲ್ಲ. ಪುರುಸೊತ್ತಾದಾಗ. 1984ರಲ್ಲಿ ಒಪ್ಪಿಕೊಂಡ ಮಾತು. ನೆನಪಿರಲಿ, ಆ ಟೀವಿ ನೋಡುತ್ತಿದ್ದವರು ಆ ಸಿನಿಮಾಕ್ಕೆ ಬಿಡಿಗಾಸೂ ಕಟ್ಟಿರಲಿಲ್ಲ. ನಾನು ಕಟ್ಟಿದ್ದೇನೆ.

ಸಹಾಯ ಕೇಳಿದೆ. ಚಾಟ್ ಕಿಟಕಿಯ ಆಚೆ ಇದ್ದದ್ದು ಮನುಷ್ಯನೋ ಯಂತ್ರವೋ ಗೊತ್ತಾಗಲಿಲ್ಲ. ಆದರೆ ತುಂಬಾ ಮರ್ಯಾದೆ.

‘ಸರ್, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ.’

‘17 ನಿಮಿಷ ಬಾಕಿ ಇದೆ. ಅಷ್ಟು ತೆರೆದುಕೊಡಿ ಸಾಕು.’

‘ಸರ್, ನೀವು ಸಿನಿಮಾ ನೋಡಲು ಶುರು ಮಾಡಿದ್ದೀರಿ ಅಂತ ನಮ್ಮಲ್ಲಿ ತೋರಿಸುತ್ತಿದೆ.’

‘ಹೌದು. ಅದಕ್ಕೇ ಮುಗಿಸೋಣ ಅಂತ.’

‘ಶುರು ಮಾಡಿದ್ದರೆ ಹಣ ವಾಪಸ್ ಬರುವುದಿಲ್ಲ ಸರ್.’

‘ಹಣ ಬೇಡ. 17 ನಿಮಿಷ ಕೊಡಿ.’

‘ಅವಧಿ ನಮ್ಮ ಕೈಯಲ್ಲಿ ಇಲ್ಲ ಸರ್. ಸಿನಿಮಾದವರ ಒಪ್ಪಂದ.’

‘ಹೋಗಲಿ, ಕೊಲೆ ಮಾಡಿದ್ದು ಯಾರು ಅಂತಲಾದರೂ ಹೇಳಿ.’

ಸ್ವಲ್ಪ ಹೊತ್ತು ಮೂರು ಚುಕ್ಕಿ ಕುಣಿದವು. ನನಗೆ ಆಸೆ ಹುಟ್ಟಿತು. ಆಮೇಲೆ ಬಂತು: ಈ ಸಂಭಾಷಣೆಗೆ ನೀವು ಎಷ್ಟು ಸ್ಟಾರ್ ಕೊಡುತ್ತೀರಿ?

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಹಿಂದಿನವರು ಹೇಳಿದ್ದು ಸಾಲಗಾರರ ಬಗ್ಗೆ ಅಂದುಕೊಂಡಿದ್ದೆ. ಇಲ್ಲಿ ಈರಭದ್ರನಿಗೆ ಸ್ಟಾರೂ ಕೊಡಬೇಕು.

ಸಿನಿಮಾ ಓಡುತ್ತಿದ್ದಾಗಲಾದರೂ ಸುಖವಿತ್ತೇ ಅಂದರೆ ಅದೂ ಇಲ್ಲ. ಮೊದಲ ರಾತ್ರಿ ಹಳೆಯ ಪ್ರೊಜೆಕ್ಟರಿಗೆ ಹಾಕಿದೆ. ಮಾತು ಕೇಳಿಸಿತು, ಚಿತ್ರ ಇಲ್ಲ. ಎಚ್‌ಡಿಸಿಪಿ ಅಂತ ಒಂದು ಕಾವಲು ಇದೆ, ಇಂಟೆಲ್‌ನವರು ಮಾಡಿದ್ದು. ಟೀವಿಯೂ ಸಿನಿಮಾ ಓಡಿಸುವ ಪೆಟ್ಟಿಗೆಯೂ ತಂತಿಯಲ್ಲೇ ಪರಸ್ಪರ ಗುರುತು ಕೇಳುತ್ತವೆ. ಗುರುತು ಸರಿಹೋಗದಿದ್ದರೆ ಚಿತ್ರ ಬಿಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇದರ ಮೂಲ ಕೀಲಿ 2010ರಲ್ಲೇ ಇಂಟರ್ನೆಟ್‌ಗೆ ಬಂದು ಬಿದ್ದಿದೆ. ಅಂದರೆ ಕಳ್ಳನ ಹತ್ತಿರ ಆಗಿನಿಂದಲೂ ಕೀಲಿ ಇದೆ. ಪೂಜಾರಿ ತಡೆಯುತ್ತಿರುವುದು ನನ್ನ ಪ್ರೊಜೆಕ್ಟರನ್ನು. ಕಂಪ್ಯೂಟರಿನಲ್ಲಿ ನೋಡೋಣ ಅಂದರೆ ಎಚ್‌ಡಿಗೆ ದುಡ್ಡು ಕಟ್ಟಿದ್ದರೂ ಬ್ರೌಸರಿನಲ್ಲಿ ಮಂಜು ಮಂಜು ಚಿತ್ರ. ಆ ಅಡುಗೆಯವನ ಪಾತ್ರ ಮಾಡಿದವನನ್ನು ಎಲ್ಲೋ ನೋಡಿದ್ದೇನಲ್ಲ ಅಂತ ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೆ ಕಳಿಸಿದೆ. ಅವನಿಗೆ ಹೋದದ್ದು ಒಂದು ಕಪ್ಪು ಚೌಕ. ‘ಚೆನ್ನಾಗಿದ್ದಾನೆ’ ಅಂತ ಬರೆದ.

ಅದೇ ಗೆಳೆಯ ಹೇಳುವುದು, ಬಾಡಿಗೆ ಯಾಕೆ, ಕೊಂಡುಬಿಡು. ಕೊಂಡವರ ಕಥೆ ಗೊತ್ತಿಲ್ಲದವನು. 2022ರಲ್ಲಿ ಸೋನಿಯವರ ಪ್ಲೇಸ್ಟೇಷನ್ ಆನ್‌ಲೈನ್ ಅಂಗಡಿಯಲ್ಲಿ ಸ್ಟುಡಿಯೋಕೆನಾಲ್ ಎಂಬ ಕಂಪನಿಯ ಸಿನಿಮಾ ಕೊಂಡಿದ್ದ ಜರ್ಮನಿ, ಆಸ್ಟ್ರಿಯಾದವರಿಗೆ ನೋಟಿಸ್ ಬಂತು, ಒಪ್ಪಂದ ಮುಗಿದಿದೆ, ನಿಮ್ಮ ಸಿನಿಮಾ ತೆಗೆಯುತ್ತೇವೆ ಅಂತ. ನಿಮ್ಮ ಸಿನಿಮಾ ಎಂಬ ಮಾತಿಗೆ ಅಲ್ಲಿ ಏನು ಅರ್ಥವೋ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕಾನೂನೇ ಬಂದಿದೆ, ಇದು ಬರೀ ಪರವಾನಗಿ ಅಂತ ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಗುಂಡಿ ಇಡುವ ಹಾಗಿಲ್ಲ. ಕಸಿದುಕೊಳ್ಳಬೇಡಿ ಅಂತ ಆ ಕಾನೂನು ಹೇಳುವುದಿಲ್ಲ. ಹೇಳಿ ಕಸಿದುಕೊಳ್ಳಿ ಅನ್ನುತ್ತದೆ. ಅಷ್ಟಕ್ಕೂ ಒಂದು ಸರ್ಕಾರ ಬೇಕಾಯಿತು.

ನಗುವಷ್ಟು ನಕ್ಕಾಯಿತು. ನಿಜ ಹೇಳಬೇಕೆಂದರೆ ಸಾಕಾಗಿದೆ. ನಾನು ಕದ್ದಿಲ್ಲ. ಯಾರಿಗೂ ಹಂಚಿಲ್ಲ. ಕೇಳಿದಷ್ಟು ದುಡ್ಡು ಕಟ್ಟಿ, ಹೇಳಿದ ಹಾಗೆ ಕೂತು ನೋಡಿದ್ದೇನೆ. ಮತ್ತೆ ಆ ಪುಟ ತೆರೆದರೆ ಪೋಸ್ಟರಿನ ಕೆಳಗೆ ಕೆಂಪು ಗೆರೆ ಇನ್ನೂ ಹಾಗೇ ಇದೆ. ನಾನು ಎಲ್ಲಿ ನಿಲ್ಲಿಸಿದೆ ಅಂತ ಅವರಿಗೆ ಗೊತ್ತು. ಸೆಕೆಂಡಿನ ಲೆಕ್ಕದಲ್ಲಿ ಗೊತ್ತು. 17 ನಿಮಿಷ ಬಾಕಿ ಅಂತ ಗೊತ್ತಿದ್ದೂ ಪೂರ್ತಿ ಸಿನಿಮಾದ ದುಡ್ಡು ಮತ್ತೆ ಕೇಳುತ್ತಾರೆ. ಇದನ್ನು ಕಳ್ಳರನ್ನು ತಡೆಯುವ ವ್ಯವಸ್ಥೆ ಅಂತ ಕರೆಯುತ್ತಾರೆ. ಕದ್ದು ನೋಡಿದವನಿಗೆ ಗಡಿಯಾರವೂ ಇಲ್ಲ, ಕಪ್ಪು ಚೌಕವೂ ಇಲ್ಲ. ಕೊಲೆಗಾರ ಯಾರು ಅಂತ ಅವನಿಗೆ ಮೊದಲ ರಾತ್ರಿಯೇ ಗೊತ್ತಾಗಿದೆ. ಸಿಕ್ಕಿಹಾಕಿಕೊಂಡವನು ರಸೀದಿ ಇರುವವನು ಮಾತ್ರ.

ಮತ್ತೆ ಬಾಡಿಗೆ ಕಟ್ಟಿದೆ. ಹೌದು, ಕಟ್ಟಿದೆ, ಬೈಯಬೇಡಿ. ಅದಾಗಿ ಇವತ್ತಿಗೆ 8 ದಿನ. ಇನ್ನೂ ಪ್ಲೇ ಒತ್ತಿಲ್ಲ. ರಿಮೋಟನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ, ಯಾರೂ ಕೂರದ ಹಾಗೆ. ದೊಡ್ಡಪ್ಪನಿಗೆ ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟಿದ್ದಾರಂತೆ. ಗುಣ ಕಾಣಲು ಮೂರು ವಾರ ಬೇಕು ಅಂದರಂತೆ. ನನಗೆ ಉಳಿದಿರುವುದು 22 ದಿನ.