ಎಫ್‌ಸಿಗೊಂದು ಬಸ್ಸು, ಓಡಾಟಕ್ಕೊಂದು ಬಸ್ಸು

ಸುರತ್ಕಲ್ಲಿನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ದಿನಾ ಬೆಳಗ್ಗೆ ನಾನು ಹತ್ತುವ ಬಸ್ಸಿಗೆ ಈಗ 11 ವರ್ಷ. ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಬಸ್ಸುಗಳಿಗೆ ದೇವರದ್ದೋ ದೈವದ್ದೋ ಸಂತರದ್ದೋ ಹೆಸರು; ಬರೆದರೆ ಮಾಲಕರಿಗಿಂತ ಮೊದಲು ಮೇಲಿನವರಿಗೇ ಬೇಸರವಾದೀತು.

ಮೊನ್ನೆ ಒಂದು ಶನಿವಾರ ಕಂಡಕ್ಟರ್ ಚಿಲ್ಲರೆ ಕೊಡುತ್ತಾ, "ಮಾಷ್ಟ್ರೇ, ಸೋಮವಾರ ನಾವಿಲ್ಲ, ಟ್ರಿಪ್ ಕಟ್. ಎಫ್‌ಸಿ ಉಂಟು" ಎಂದ. ಮನೆಯಲ್ಲಿ ಮದುವೆ ಉಂಟು ಎನ್ನುವವನ ಮುಖ. "ನಾಳೆ ಪುರುಸೊತ್ತಿದ್ದರೆ ಬೈಕಂಪಾಡಿಯ ಶೆಡ್ಡಿಗೆ ಬನ್ನಿ. ಮದುಮಗನನ್ನು ನೋಡಬಹುದು."

ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಇಳಿಯಲು ಲಾಯಕ್ಕಿದೆ ಎನ್ನುವ ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಅದು ಇಲ್ಲದ ಬಸ್ಸು ನೋಂದಣಿಯೇ ಆಗದ ಬಸ್ಸಿಗೆ ಸಮ. 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿದರಾಯಿತು, ಆಮೇಲೆ ವರ್ಷ ವರ್ಷವೂ ಹೋಗಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಪಿಂಚಣಿದಾರನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾನೂ ನವೆಂಬರ್ ಬಂದರೆ ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ಮುಖ ತೋರಿಸಿ ಸಹಿ ಹಾಕಿ ಬರುವವನು.

ಭಾನುವಾರ ಹೋದೆ. ಶೆಡ್ಡಿನ ಮುಂದೆ ನಿಂತಿದ್ದ ಬಸ್ಸಿನ ಗುರುತೇ ಸಿಗಲಿಲ್ಲ. ಕಡಲಗಾಳಿಗೆ ತುಕ್ಕು ಹಿಡಿದು ಹಪ್ಪಳವಾಗಿದ್ದ ತಗಡಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪೈಂಟು. ಮಳೆಗಾಲದಲ್ಲಿ ನನ್ನ ಕಾಲಿಗೆ ಕೆಸರುನೀರು ಹಾರಿಸುತ್ತಿದ್ದ ನೆಲದ ತೂತಿಗೆ ಪ್ಲೈವುಡ್ಡು, ಅದರ ಮೇಲೆ ಮ್ಯಾಟು. ಆ ತೂತಿನಲ್ಲಿ ನಾನು ರಾಷ್ಟ್ರೀಯ ಹೆದ್ದಾರಿ 66ನ್ನು ಎಷ್ಟು ವರ್ಷದಿಂದ ನೋಡಿದ್ದೆನೆಂದರೆ, ಅದು ಮುಚ್ಚಿದ್ದು ಕಂಡು ಒಳಗೊಳಗೇ ಬೇಜಾರಾಯಿತು.

ಟಯರುಗಳಂತೂ ಹೊಚ್ಚ ಹೊಸತು. ಬಸ್ಸಿನ ಟಯರಿನಲ್ಲಿ ಗೀರಿನ ಆಳ ಕಡಿಮೆಯೆಂದರೂ 1.6 ಮಿಲಿಮೀಟರ್ ಇರಬೇಕೆಂದು ನಿಯಮ. ಶನಿವಾರದ ತನಕ ನಮ್ಮ ಬಸ್ಸಿನ ಟಯರು ಬಾಳೆದಿಂಡಿನಷ್ಟು ನುಣ್ಣಗಿತ್ತು. "ಮಾಲಕರು ಭಾರೀ ಖರ್ಚು ಮಾಡಿದ್ದಾರಲ್ಲ!" ಎಂದೆ.

ಮೇಸ್ತ್ರಿ ಬೀಡಿ ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದ. "ಖರ್ಚು ಎಂತದ್ದು ಮಾರಾಯ್ರೆ? ಅವರಿಗೆ ಐದು ಬಸ್ಸು ಉಂಟು. ಐದಕ್ಕೂ ಎಫ್‌ಸಿ ಬೇರೆ ಬೇರೆ ತಿಂಗಳಲ್ಲಿ. ಸೆಟ್ಟು ಒಂದೇ."

ಆಗ ಶೆಡ್ಡಿನ ಅಟ್ಟ ತೋರಿಸಿದ. ಯಕ್ಷಗಾನ ಮೇಳದವರ ವೇಷದ ಪೆಟ್ಟಿಗೆಯೇ ಅದು. ಇವತ್ತು ಕರ್ಣನ ತಲೆಗೆ, ನಾಳೆ ಅರ್ಜುನನ ತಲೆಗೆ ಅದೇ ಕಿರೀಟ. ಟಯರು, ವೈಪರು, ಅಗ್ನಿಶಾಮಕ ಸಿಲಿಂಡರು, ಬಿರುಕಿಲ್ಲದ ಕನ್ನಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೊನೆಗೆ ಡ್ರೈವರನ ಖಾಕಿ ಅಂಗಿ ಕೂಡ. ಲೆಕ್ಕ ಹಾಕಿ ನೋಡಿದೆ: ಆ ಸಿಲಿಂಡರು ನಮ್ಮ ಬಸ್ಸಿಗಿಂತ ಐದು ಪಟ್ಟು ಹೆಚ್ಚು ಸಲ ಪಾಸಾಗಿದೆ. ಬೆಂಕಿ ಮಾತ್ರ ಈವರೆಗೆ ನೋಡಿಲ್ಲ. ಬ್ಯಾಂಕಿಗೆ ಹೋಗುವಾಗ ನಾನು ನೆರೆಮನೆಯವರ ಹಲ್ಲಿನ ಸೆಟ್ಟು ಹಾಕಿಕೊಂಡು ಹೋಗಿ, ಸಂಜೆ ತೊಳೆದು ವಾಪಸು ಕೊಟ್ಟ ಹಾಗಾಯಿತು ಇದು.

ಹೀಗೆ ಯೋಚಿಸುತ್ತಾ ಮಡ್‌ಗಾರ್ಡ್ ಸವರಿದ್ದೇ ತಪ್ಪು. ಪೈಂಟಿನಡಿಯ ತಗಡು ಬೆರಳು ಸೀಳಿತು. ರಕ್ತ ತೊಟ್ಟಿಕ್ಕುತ್ತಿದ್ದಂತೆ ಎದುರಿಗೇ ಕಂಡ ಚಿಕಿತ್ಸೆಯ ಪೆಟ್ಟಿಗೆಗೆ ಕೈ ಹಾಕಿದೆ.

"ಅಯ್ಯಯ್ಯೋ, ಅದು ಮುಟ್ಟಬೇಡಿ ಮಾಷ್ಟ್ರೇ!" ಕ್ಲೀನರ್ ಹುಡುಗ ಓಡಿ ಬಂದು ಕಸಿದುಕೊಂಡ. "ಸೀಲು ಹೋದರೆ ಎಫ್‌ಸಿಗೆ ಆಗುವುದಿಲ್ಲ."

"ಮತ್ತೆ ನನ್ನ ಬೆರಳು?"

ಅವನು ಬೇಲಿಯ ಬದಿಗೆ ಹೋಗಿ ಒಂದು ಹಿಡಿ ಕಮ್ಯುನಿಸ್ಟ್ ಸೊಪ್ಪು ಕಿತ್ತು ತಂದ. ಅಂಗೈಯಲ್ಲಿ ಉಜ್ಜಿ ರಸ ಹಿಂಡಿದ. ಚುರುಗುಟ್ಟಿತು, ರಕ್ತ ನಿಂತಿತು. ಪೆಟ್ಟಿಗೆಯೊಳಗೆ ಏನುಂಟೆಂದು ಕೇಳಿದ್ದಕ್ಕೆ, ಅವನು ಕೆಲಸಕ್ಕೆ ಸೇರಿದ ಮೇಲೆ ಯಾರೂ ತೆರೆದು ನೋಡಿಲ್ಲವಂತೆ.

ಹೊತ್ತು ಹೋಗದೆ ಬಸ್ಸಿನೊಳಗೆ ಹತ್ತಿದೆ. ಡ್ರೈವರ್ ಕರ್ಕಶ ಹಾರ್ನ್ ಬಿಚ್ಚಿ ಗೋಣಿಯಲ್ಲಿ ಕಟ್ಟಿಡುತ್ತಿದ್ದ. ಮಂಗಳೂರಿನ ಲಾಲ್‌ಬಾಗಿನಲ್ಲಿ ಒತ್ತಿದರೆ ಅಷ್ಟು ದೂರದ ಪಿವಿಎಸ್ ವೃತ್ತದಲ್ಲಿ ನಿಂತವರು ಬದಿಗೆ ಸರಿಯುವಂಥ ಹಾರ್ನ್ ಅದು. ಅದರ ಜಾಗಕ್ಕೆ ಬಂದದ್ದು ಒಂದು ಪುಟಾಣಿ. ಒತ್ತಿದರೆ ತಾಯಿಯನ್ನು ಕಳೆದುಕೊಂಡ ಆಡಿನ ಮರಿಯ ಹಾಗೆ ಕೂಗುತ್ತಿತ್ತು. ಗಂಟೆಗೆ 80 ಕಿಲೋಮೀಟರ್ ದಾಟದಂತೆ ತಡೆಯುವ ಸ್ಪೀಡ್ ಗವರ್ನರಿನ ವಯರು ಕೂಡ ಅಂದೇ ಮರುಜೋಡಣೆ. "ಇದನ್ನು ಹಾಗೇ ಇಟ್ಟರೆ ಎಂತ?" ಎಂದೆ.

"ಹಿಂದಿನ ಬಸ್ಸಿಗೂ ನಮಗೂ ನಾಲ್ಕು ನಿಮಿಷದ ಟೈಮಿಂಗ್ ಮಾಷ್ಟ್ರೇ. ಎರಡು ನಿಮಿಷ ಲೇಟಾದರೆ ಅವನು ನಮ್ಮ ಜನ ಎತ್ತುತ್ತಾನೆ. ಆಮೇಲೆ ಸ್ಟೇಟ್‌ಬ್ಯಾಂಕಿನಲ್ಲಿ ಜಗಳ. ನೀವೇ ಅಲ್ಲವಾ, ಪಣಂಬೂರು ದಾಟುವಾಗ 'ಎಂತ ಇವತ್ತು ಎತ್ತಿನಗಾಡಿಯಾ' ಅಂತ ಕೇಳುವುದು?"

ಕೇಳುವುದು ನಾನೇ. ಮಾತು ಬದಲಿಸಲು ಹಿಂದೆ ಸರಿದೆ. ಹೋಗಿ ನೋಡಿದರೆ ನನ್ನ ಸೀಟೇ ಇಲ್ಲ!

ಬಲಬದಿಯಲ್ಲಿ, ಹಿಂದಿನ ಚಕ್ರ ಕಳೆದು ಬರುವ ಕಿಟಕಿ ಪಕ್ಕದ ಸೀಟು. ನಿವೃತ್ತನಾಗುವ ಮೊದಲಿನಿಂದಲೂ ಅದು ನನ್ನದೆಂದು ಇಡೀ ಬಸ್ಸಿಗೇ ಗೊತ್ತು. ಬೆಳಗಿನ ಬಿಸಿಲು ತಾಗುವುದಿಲ್ಲ, ಕೂಳೂರು ಸೇತುವೆಯ ಮೇಲೆ ಹೊಳೆಗಾಳಿ ಸಿಗುತ್ತದೆ. ಅದು ಇದ್ದಲ್ಲಿ ಈಗ ನಾಲ್ಕು ಬೋಲ್ಟಿನ ತೂತು. ಗೋಡೆಯ ಮೇಲೆ, ಸೀಟಿನ ಮರೆಯಲ್ಲಿ ಇಷ್ಟು ವರ್ಷ ಇದ್ದು ಬಣ್ಣವೇ ಮಾಸದ ಕೆಂಪು ಅಕ್ಷರಗಳು: ತುರ್ತು ನಿರ್ಗಮನ ದ್ವಾರ.

ಒಂದು ಕ್ಷಣ ಮಾತೇ ಹೊರಡಲಿಲ್ಲ. ಹಿಡಿಕೆ ಇದೆ, ಕೀಲಿದೆ. ಮೇಸ್ತ್ರಿ ಎರಡು ದಿನ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು, ಅಂತೂ ಅದು ತೆರೆಯುವ ಹಾಗೆ ಮಾಡಿದ್ದಾನೆ. ಇಷ್ಟು ವರ್ಷ ನಾನು ಹಾಯಾಗಿ ತೂಕಡಿಸಿದ್ದು ಅರುವತ್ತು ಜನರು ಹೊರಗೆ ಹಾರಬೇಕಾದ ಬಾಗಿಲಿಗೆ ಅಡ್ಡವಾಗಿ.

"2021ರಲ್ಲಿ ದೆಹಲಿಯವರು ಯಂತ್ರದಲ್ಲೇ ಪರೀಕ್ಷೆ ಮಾಡುವ ಕೇಂದ್ರಗಳಿಗೆ ನಿಯಮ ಮಾಡಿದ್ದಾರೆ," ಎಂದೆ ಕೆಳಗಿಳಿದು, ಸ್ವಲ್ಪ ಗಂಭೀರವಾಗಿ. "ಇನ್ನು ಬ್ರೇಕನ್ನು ರೋಲರಿನ ಮೇಲೆ ಅಳೆಯುತ್ತಾರೆ. ನಿಮ್ಮ ವೇಷ ನಡೆಯಲಿಕ್ಕಿಲ್ಲ."

ಮೇಸ್ತ್ರಿಗೆ ನಗು ಬಂತು. "ಅಳೆಯಲಿ. ಟಯರು ಯಾರದ್ದು ಅಂತ ಯಂತ್ರ ಕೇಳುತ್ತದಾ?"

ಸೋಮವಾರ ಮದುಮಗ ಹೋದ, ಪಾಸಾಗಿ ಬಂದ. ಕಾಗದದಲ್ಲಿ ಮೋಟಾರು ವಾಹನ ನಿರೀಕ್ಷಕರು ಎಂದಿದ್ದರೂ ನಮ್ಮ ಜನರ ಬಾಯಲ್ಲಿ ಅವರು ಬ್ರೇಕ್ ಇನ್‌ಸ್ಪೆಕ್ಟರ್. ಆಡಿನ ಮರಿಯ ಸ್ವರ ಕೇಳಿ ಅವರಿಗೂ ನಗು ಬಂತಂತೆ. ಕಂಡಕ್ಟರ್ ಫೋನಿನಲ್ಲಿ ಹೇಳಿದ.

ಮಂಗಳವಾರ ಧೋ ಎಂದು ಮಳೆ. ಕಾಲು ಗಂಟೆ ಮೊದಲೇ ಹೋಗಿ ನಿಂತಿದ್ದೆ. ಬಸ್ಸಿನ ಹಾರ್ನ್ ಬಸ್ಸಿಗಿಂತ ಮೊದಲು ಬಂತು, ಹಳೆಯದ್ದೇ. ಟಯರು ಬಾಳೆದಿಂಡು. ವೈಪರು ಇರಬೇಕಾದಲ್ಲಿ ಬರೀ ಕಡ್ಡಿ. ಕ್ಲೀನರ್ ಹುಡುಗ ಕಿಟಕಿಯಿಂದ ಕೈ ಹೊರಹಾಕಿ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದ. ಎದುರಿನ ಗಾಜಿಗೆ ಅಂಟಿಸಿದ ಎಫ್‌ಸಿಯ ತಾರೀಕು ಮಾತ್ರ ಒಂದು ವರ್ಷ ಮುಂದೆ ಹೋಗಿತ್ತು. ಪ್ಲೈವುಡ್ಡು ಉಳಿದಿತ್ತು, ಸುಳ್ಳು ಹೇಳಬಾರದು.

ನನ್ನ ಸೀಟೂ ಬಂದಿತ್ತು. ಹೋಗಿ ಕೂತೆ. ಬೈಕಂಪಾಡಿಯಲ್ಲಿ ಜನ ತುಂಬಿ, ಕಂಡಕ್ಟರ್ ತುಳುವಿನಲ್ಲಿ "ದುಂಬು ಪೋಲೆ, ದುಂಬು ಪೋಲೆ" (ಮುಂದೆ ಹೋಗಿ) ಎನ್ನುತ್ತಾ ನನ್ನ ತನಕ ಬಂದ. ಬೆರಳಿನ ಗಾಯ ನೋಡಿದ, ಆಮೇಲೆ ನನ್ನ ತೋಳಿನ ಹಿಂದಿನ ಗೋಡೆ ನೋಡಿದ.

"ಭಾನುವಾರ ನಿಮ್ಮ ಮುಖ ಸಣ್ಣ ಆಗಿತ್ತು ಮಾಷ್ಟ್ರೇ. ಬೇಕಾದರೆ ಹೇಳಿ, ಈ ಸೀಟು ತೆಗೆಸಿಬಿಡುವ. ನಾನು ಮಾಲಕರ ಹತ್ರ ಮಾತಾಡ್ತೇನೆ."

ಹೊರಗೆ ಮಳೆ. ಒಳಗೆ ನಿಂತವರ ಕೊಡೆಗಳಿಂದ ನೀರು ಸುರಿಯುತ್ತಿತ್ತು. ಸ್ಟೇಟ್‌ಬ್ಯಾಂಕಿಗೆ ಇನ್ನೂ ಮುಕ್ಕಾಲು ಗಂಟೆಯ ದಾರಿ. ಕೂಳೂರಿನ ಗಾಳಿ ಈಗ ಬರುತ್ತದೆ ಎನ್ನುವಷ್ಟರಲ್ಲಿ ಇದ್ದೆವು.

"ಅವಸರ ಎಂತ," ಎಂದೆ. "ಮುಂದಿನ ಎಫ್‌ಸಿಗೆ ನೋಡುವ."