ಒತ್ತದೇ ಓಡುವ ಬಟನ್, ಹಿಂದಕ್ಕೆ ಓಡುವ ಗಡಿಯಾರ

ಪೈಥಾನ್ ಭಾಷೆಯಲ್ಲಿ ವಿಂಡೋ, ಬಟನ್ ಮಾಡಿಕೊಡುವ ಟಿಕಿಂಟರ್‌ನಲ್ಲಿ ಬಟನ್ ಮಾಡುವುದು ಸುಲಭ. ಒತ್ತಿದಾಗ ಮಾತ್ರ ಕೆಲಸ ಮಾಡುವ ಬಟನ್ ಮಾಡುವುದು ಸ್ವಲ್ಪ ಕಷ್ಟ.

ಕಮಾಂಡ್ ಎಂಬಲ್ಲಿ ಫಂಕ್ಷನ್ ಹೆಸರು ಬರೆದು, ಕೈ ಸುಮ್ಮನಿರದೆ ಅದರ ಬೆನ್ನಿಗೊಂದು ಜೊತೆ ಬ್ರ್ಯಾಕೆಟ್ ಹಾಕಿದರೆ ಮುಗಿಯಿತು. ವಿಂಡೋ ತೆರೆಯುವ ಮೊದಲೇ ಫೈಲ್ ಅಳಿಸಿಹೋಗಿರುತ್ತದೆ. ಆಮೇಲೆ ‘ಅಳಿಸು’ ಎಂಬ ಬಟನ್ ಠೀವಿಯಿಂದ ಕಾಣಿಸಿಕೊಳ್ಳುತ್ತದೆ. ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ಬ್ರ್ಯಾಕೆಟ್ ಕಂಡ ಕೂಡಲೇ ಪೈಥಾನ್ ಫಂಕ್ಷನ್ನನ್ನು ಓಡಿಸಿ, ಅದು ಹಿಂತಿರುಗಿಸಿದ್ದನ್ನು, ಸಾಮಾನ್ಯವಾಗಿ ‘ನನ್’ (None) ಎಂಬ ಸೊನ್ನೆಗಿಂತ ಕಡೆಯಾದ ವಸ್ತುವನ್ನು, ಬಟನ್ನಿನ ಕೈಗೆ ಕೊಡುತ್ತದೆ. ಬಟನ್ ತಾನೇ ಏನು ಮಾಡೀತು? ಬರೀ ಹೆಸರು ಬರೆಯಿರಿ, ಸಾಕು.

ಕ್ಯಾಲ್ಕ್ಯುಲೇಟರ್ ಮಾಡಹೊರಟವರಿಗೆ ಇದಕ್ಕಿಂತ ಆಳವಾದ ಗುಂಡಿ ಕಾದಿರುತ್ತದೆ. 0ಯಿಂದ 9ರವರೆಗೆ ಹತ್ತು ಬಟನ್ ಯಾರು ಬರೆಯುತ್ತಾರೆ, ಒಂದು ಫಾರ್ ಲೂಪ್ ಹಾಕಿ ಒಳಗೊಂದು ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಇಟ್ಟರಾಯಿತು ಅನ್ನಿಸುತ್ತದೆ. ಹತ್ತೂ ಬಟನ್ ಸಾಲಾಗಿ ಬರುತ್ತವೆ, ಅವುಗಳ ಮೇಲೆ ಸರಿಯಾದ ಅಂಕಿಗಳೂ ಇರುತ್ತವೆ. 2 ಒತ್ತಿದರೆ 9. 5 ಒತ್ತಿದರೆ 9. 9 ಒತ್ತಿದಾಗ ಮಾತ್ರ ಸರಿಯಾಗಿ 9 ಬರುವುದರಿಂದ, ಅದನ್ನೇ ಮೊದಲು ಒತ್ತಿ ನೋಡಿದವರು ಎಲ್ಲ ಸರಿಯಿದೆ ಎಂದುಕೊಂಡು ಮಲಗಿಬಿಡುತ್ತಾರೆ. ಲ್ಯಾಂಬ್ಡಾ ನೆನಪಿಟ್ಟುಕೊಳ್ಳುವುದು ವೇರಿಯಬಲ್ಲನ್ನು, ಆ ಗಳಿಗೆಯಲ್ಲಿ ಅದರೊಳಗಿದ್ದ ಬೆಲೆಯನ್ನಲ್ಲ. ಬಟನ್ ಒತ್ತುವ ಹೊತ್ತಿಗೆ ಲೂಪ್ ಮುಗಿದು ಅದರ ‘ಐ’ ಎಂಬ ವೇರಿಯಬಲ್ 9ಕ್ಕೆ ಬಂದು ನಿಂತಿರುತ್ತದೆ. ‘ಲ್ಯಾಂಬ್ಡಾ ಎನ್ = ಐ’ ಎಂದು ಡೀಫಾಲ್ಟ್ ಬೆಲೆಯಾಗಿ ಆಗಲೇ ಹಿಡಿದಿಟ್ಟರೆ ಪ್ರತಿ ಬಟನ್ನಿಗೂ ತನ್ನ ಅಂಕಿ ದಕ್ಕುತ್ತದೆ.

ಎಂಟ್ರಿ ಪೆಟ್ಟಿಗೆ ಮಾಡಿ, ಅದಕ್ಕೆ ವಿಂಡೋದಲ್ಲಿ ಜಾಗ ಕೊಡುವ ಪ್ಯಾಕ್ ಅನ್ನು ಅದೇ ಸಾಲಿನ ತುದಿಗೆ ಅಂಟಿಸಿ, ಎಲ್ಲವನ್ನೂ ಒಂದೇ ವೇರಿಯಬಲ್‌ಗೆ ತುರುಕುವುದು ಇನ್ನೊಂದು ಚಟ. ಪೆಟ್ಟಿಗೆ ಕಾಣುತ್ತದೆ, ಅದರಲ್ಲಿ ಟೈಪೂ ಮಾಡಬಹುದು. ‘ಗೆಟ್’ ಎಂದು ಕೇಳಿದಾಗ ಮಾತ್ರ ಎರರ್. ಪ್ಯಾಕ್ ವಾಪಸ್ ಕೊಡುವುದೂ ಅದೇ ‘ನನ್’. ಒಂದು ಸಾಲು ಉಳಿಸಲು ಹೋಗದೆ ಎರಡು ಸಾಲು ಬರೆಯಿರಿ.

ಪ್ಯಾಕ್ ಮತ್ತು ಸಾಲು-ಕಾಲಮ್ ಲೆಕ್ಕದಲ್ಲಿ ಜಾಗ ಕೊಡುವ ಗ್ರಿಡ್ ಎಂದರೆ ಒಂದೇ ಮನೆಗೆ ಇಬ್ಬರು ಯಜಮಾನರು. ಒಂದೇ ಫ್ರೇಮಿನೊಳಗೆ ಇಬ್ಬರನ್ನೂ ಬಿಟ್ಟರೆ, ಟಿಕಿಂಟರ್‌ನ ಬೆನ್ನಿಗಿರುವ ಟಿಕೆಯ (Tk) 8.6ನೇ ಆವೃತ್ತಿ ಎರರ್ ಕೊಟ್ಟು ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೂ ಹಿಂದೆ ತಡೆಯುವವರೇ ಇರಲಿಲ್ಲ. ಪ್ಯಾಕ್ ತನ್ನ ಲೆಕ್ಕದಂತೆ ಫ್ರೇಮಿನ ಅಳತೆ ಬದಲಿಸುವುದು, ಅಳತೆ ಬದಲಾಯಿತೆಂದು ಗ್ರಿಡ್ ಮತ್ತೆ ಬದಲಿಸುವುದು, ಅದನ್ನು ಕಂಡು ಮತ್ತೆ ಪ್ಯಾಕ್ ಏಳುವುದು. ಈ ಪಂಚಾಯ್ತಿ ಮುಗಿಯದೆ ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬೇರೆ ಬೇರೆ ಫ್ರೇಮ್ ಕೊಟ್ಟರೆ ಇಬ್ಬರೂ ಸುಖವಾಗಿರುತ್ತಾರೆ. ಇನ್ನು ಗ್ರಿಡ್ ಬಳಸುವವರು ಯಾವ ಅಂಚಿಗೆ ಅಂಟಬೇಕೆಂದು ಹೇಳುವ ಸ್ಟಿಕಿಗೆ ನಾಲ್ಕೂ ದಿಕ್ಕು ಬರೆದು, ವಿಂಡೋ ಹಿಗ್ಗಿಸಿದರೂ ಒಳಗಿನದು ಹಿಗ್ಗಲಿಲ್ಲವೆಂದು ದೂರುತ್ತಾರೆ. ಸಾಲಿಗೂ ಕಾಲಮ್ಮಿಗೂ ಹಿಗ್ಗುವ ಪಾಲು ಹೇಳುವ ವೆಯ್ಟ್ ಮೊದಲಿಗೆ 0 ಇರುತ್ತದೆ. ಕನಿಷ್ಠ 1 ಕೊಡದೆ ಯಾವುದೂ ಹಿಗ್ಗುವುದಿಲ್ಲ.

ಈ ಎಲ್ಲ ಅವಾಂತರಗಳನ್ನೂ ಮೀರಿಸುವ ಕೆಲಸವೆಂದರೆ ಮುಳ್ಳಿನ ಗಡಿಯಾರ. ನೋಡಲು ಪುಟ್ಟದು, ಒಂದು ವೃತ್ತ, ಮೂರು ಗೆರೆ.

300 ಪಿಕ್ಸೆಲ್ ಅಗಲ, 300 ಎತ್ತರದ ಕ್ಯಾನ್ವಾಸ್, ಅಂದರೆ ಚಿತ್ರ ಬಿಡಿಸುವ ಹಲಗೆ, ಎನ್ನಿ. ಕೇಂದ್ರ 150, 150, ತ್ರಿಜ್ಯ 120. ಇದನ್ನು ಹಾಗೇ ‘ಕ್ರಿಯೇಟ್ ಓವಲ್’ಗೆ ಹೇಳಿದರೆ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ವೃತ್ತವನ್ನು ಸುತ್ತುವರಿದ ಚೌಕದ ಎರಡು ಎದುರು ಮೂಲೆಗಳು: 30, 30, 270, 270. ಸರಿ, ಈಗ ಸೆಕೆಂಡಿನ ಮುಳ್ಳು. ಶಾಲೆಯ ಸೂತ್ರದಂತೆ ಎಕ್ಸ್‌ಗೆ ಕಾಸ್, ವೈಗೆ ಸೈನ್ ಹಾಕಿದರೆ ಮುಳ್ಳು 12ರ ಬದಲು 3ರಿಂದ ಹೊರಡುತ್ತದೆ. ಕ್ಯಾನ್ವಾಸಿನಲ್ಲಿ ವೈ ಕೆಳಮುಖವಾಗಿ ಬೆಳೆಯುತ್ತದೆಂದು ಓದಿಕೊಂಡಿರುವವರು ತಕ್ಷಣ ಸೈನ್ ಮುಂದೆ ಮೈನಸ್ ಹಾಕುತ್ತಾರೆ. ಈಗ ಗಡಿಯಾರ 3ರಿಂದಲೇ ಹೊರಟು ಹಿಂದಕ್ಕೆ ಓಡುತ್ತದೆ! ತಲೆಕೆಳಗಾದ ವೈ ಇಲ್ಲಿ ಉಪಕಾರವನ್ನೇ ಮಾಡಿತ್ತು. ಶಾಲೆಯ ಕೋನ ಅಪ್ರದಕ್ಷಿಣವಾಗಿ ಬೆಳೆದರೆ, ಇಲ್ಲಿ ಅದೇ ಕೋನ ಗಡಿಯಾರದ ದಿಕ್ಕಿಗೇ ಬೆಳೆಯುತ್ತದೆ. ಮೈನಸ್ ತೆಗೆದು, ಕೋನದಿಂದ 90 ಡಿಗ್ರಿ ಕಳೆದರೆ ಮುಳ್ಳು 12ಕ್ಕೆ ಬರುತ್ತದೆ.

ಆದರೆ ಡಿಗ್ರಿ ಎಂದೆವಲ್ಲ, ಅಲ್ಲೂ ಒಂದು ಕೊಕ್ಕೆ. ಸೆಕೆಂಡಿಗೆ 6 ಡಿಗ್ರಿ ಎಂದು 6ನ್ನೇ ಸೈನ್‌ಗೆ ಕೊಟ್ಟರೆ ಪೈಥಾನ್ ಅದನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಎಂದು ತಿಳಿಯುತ್ತದೆ. 6 ರೇಡಿಯನ್ ಎಂದರೆ ಸುಮಾರು 344 ಡಿಗ್ರಿ, ಅಂದರೆ ಮುಳ್ಳು ಪ್ರತಿ ಸೆಕೆಂಡಿಗೂ 16 ಡಿಗ್ರಿ ಹಿಂದಕ್ಕೆ ನೆಗೆಯುತ್ತದೆ. ಕೊಡುವ ಮುನ್ನ ‘ರೇಡಿಯನ್ಸ್’ ಫಂಕ್ಷನ್‌ನಲ್ಲಿ ಹಾಯಿಸಿ. ಇಷ್ಟು ಪಾಠ ಕಲಿತು ‘ಕ್ರಿಯೇಟ್ ಆರ್ಕ್’ಗೆ ರೇಡಿಯನ್ ಕೊಡಲು ಹೋಗಬೇಡಿ, ಅದಕ್ಕೆ ಡಿಗ್ರಿಯೇ ಬೇಕು, ಅದೂ ಅಪ್ರದಕ್ಷಿಣವಾಗಿ. ಯಾಕೆ ಹೀಗೆ ಎಂದು ಕೇಳಿ ಪ್ರಯೋಜನವಿಲ್ಲ.

ಮುಳ್ಳು ಸರಿದಿಕ್ಕಿಗೆ ತಿರುಗಿತು, ಹಳೆಯ ಮುಳ್ಳು ಮಾತ್ರ ಇದ್ದಲ್ಲೇ ಉಳಿಯಿತು. ನಿಮಿಷ ಬಿಟ್ಟು ನೋಡಿದರೆ 60 ಮುಳ್ಳುಗಳು. ಹಳೆಯದರ ಮೇಲೆ ಬಿಳಿ ಗೆರೆ ಎಳೆದು ಮರೆಮಾಚುವವರೂ ಇದ್ದಾರೆ, ಕಣ್ಣಿಗೇನೋ ಚೊಕ್ಕಟವೇ. ಆದರೆ ಎಳೆದ ಪ್ರತಿ ಗೆರೆಯನ್ನೂ ಕ್ಯಾನ್ವಾಸ್ ಪ್ರತ್ಯೇಕ ವಸ್ತುವಾಗಿ ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ ಒಂದು ಕಪ್ಪು, ಒಂದು ಬಿಳುಪು, ಗಂಟೆಗೆ 7200 ಗೆರೆ. ಸಂಜೆಯ ಹೊತ್ತಿಗೆ ಗಡಿಯಾರ ಏದುಸಿರು ಬಿಡತೊಡಗುತ್ತದೆ. ‘ಕ್ರಿಯೇಟ್ ಲೈನ್’ ಹಿಂತಿರುಗಿಸುವ ಐಡಿಯನ್ನು ಇಟ್ಟುಕೊಂಡು, ಆ ಒಂದೇ ಗೆರೆಯ ಜಾಗವನ್ನು ‘ಕೋಆರ್ಡ್ಸ್’ನಿಂದ ಬದಲಿಸುತ್ತಿರಬೇಕು.

ಇನ್ನು ಓಡಿಸುವುದು. ವೈಲ್ ಲೂಪ್‌ನಲ್ಲಿ ‘ಸ್ಲೀಪ್’ ಹಾಕಿದರೆ ಮುಳ್ಳಿನ ಜೊತೆ ವಿಂಡೋ ಕೂಡ ಮಲಗುತ್ತದೆ. ಬಟನ್ ಒತ್ತುವುದು, ಮತ್ತೆ ಬರೆಯುವುದು, ಮುಚ್ಚುವುದು, ಎಲ್ಲವೂ ನಡೆಯುವುದು ವಿಂಡೋವನ್ನು ನಡೆಸುವ ಮೇನ್‌ಲೂಪ್‌ಗೆ ಸರದಿ ಸಿಕ್ಕಾಗ. ನಿಮ್ಮ ಲೂಪ್ ಅದಕ್ಕೆ ಸರದಿಯನ್ನೇ ಬಿಡುವುದಿಲ್ಲ. ಅದಕ್ಕೇ ‘ಆಫ್ಟರ್’ ಇರುವುದು: ಇಷ್ಟು ಮಿಲಿಸೆಕೆಂಡ್ ಬಿಟ್ಟು ಈ ಫಂಕ್ಷನ್ ಕರೆ ಎಂದು ಹೇಳಿ ಹೊರಬಂದುಬಿಡುವುದು. ಇಲ್ಲೂ ಹೆಸರಿನ ಬೆನ್ನಿಗೆ ಬ್ರ್ಯಾಕೆಟ್ ಹಾಕಿದರೆ, 1000 ಮಿಲಿಸೆಕೆಂಡ್ ಕಾಯಬೇಕಿದ್ದ ಫಂಕ್ಷನ್ ಒಂದು ಚಣವೂ ಕಾಯದೆ ತನ್ನನ್ನು ತಾನೇ ಕರೆಯುತ್ತಾ, ಪೈಥಾನ್ ಒಂದರೊಳಗೊಂದು ಕರೆಗಳಿಗೆ ಮಾಮೂಲಿಯಾಗಿ ಇಟ್ಟಿರುವ 1000ದ ಮಿತಿಗೆ ಡಿಕ್ಕಿ ಹೊಡೆದು ಸಾಯುತ್ತದೆ.

ಸರಿಯಾಗಿ ಬರೆದ ಆಫ್ಟರ್ ಕೂಡ ನಿಖರವಲ್ಲ. ಪ್ರತಿ ಸಲದ ಕೆಲಸದ ಹೊತ್ತೂ ಅದಕ್ಕೆ ಸೇರುತ್ತಾ ಹೋಗುವುದರಿಂದ, ಸೆಕೆಂಡಿಗೆ ಒಂದು ಕೂಡಿಸುತ್ತಾ ಹೋದ ಗಡಿಯಾರ ನಿಧಾನಕ್ಕೆ ಹಿಂದೆ ಬೀಳುತ್ತದೆ. ಎಣಿಸಲು ಹೋಗಬೇಡಿ. 200 ಮಿಲಿಸೆಕೆಂಡಿಗೊಮ್ಮೆ ಎದ್ದು ಕಂಪ್ಯೂಟರ್‌ನ ಸಮಯವನ್ನೇ ಕೇಳಿ ಮುಳ್ಳನ್ನು ಅಲ್ಲಿಡಿ.

ಚಂದಕ್ಕೆಂದು ಡಯಲ್‌ನ ಚಿತ್ರ ಹಾಕಿದಿರಾ? ಫಂಕ್ಷನ್ ಒಳಗೆ ‘ಫೋಟೋಇಮೇಜ್’ ಮಾಡಿದರೆ ಎರರೂ ಇಲ್ಲ, ಚಿತ್ರವೂ ಇಲ್ಲ. ಫಂಕ್ಷನ್ ಮುಗಿದೊಡನೆ, ಯಾರೂ ಹಿಡಿದುಕೊಂಡಿಲ್ಲವೆಂದು ಪೈಥಾನ್ ಅದನ್ನು ಗುಡಿಸಿಹಾಕುತ್ತದೆ. ಕ್ಯಾನ್ವಾಸಿಗೇ ಒಂದು ಗುಣವಾಗಿ (ಆಟ್ರಿಬ್ಯೂಟ್) ಅದನ್ನು ಕಟ್ಟಿಡಿ, ಉಳಿಯುತ್ತದೆ.

ಕೊನೆಗೆ ವಿಂಡೋ ಮುಚ್ಚಿದ ಮೇಲೂ ಟರ್ಮಿನಲ್‌ನಲ್ಲಿ ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’ ಎಂಬ ಗೊಣಗಾಟ ಕೇಳಬಹುದು. ಸರದಿಯಲ್ಲಿದ್ದ ಆಫ್ಟರ್ ಎದ್ದು ನೋಡುವಷ್ಟರಲ್ಲಿ ಅದರ ಫಂಕ್ಷನ್ ಅಳಿದುಹೋಗಿರುತ್ತದೆ. ಆಫ್ಟರ್ ಕೊಟ್ಟ ಐಡಿಯನ್ನು ಪ್ರತಿ ಸಲ ಇಟ್ಟುಕೊಂಡು, ವಿಂಡೋ ಮುಚ್ಚಲು ಹೊರಟಾಗ ನಡೆಯುವ ‘ಡಬ್ಲ್ಯುಎಂ ಡಿಲೀಟ್ ವಿಂಡೋ’ ಪ್ರೋಟೊಕಾಲ್‌ಗೆ ನಿಮ್ಮದೇ ಫಂಕ್ಷನ್ ಜೋಡಿಸಿ, ಅದರಲ್ಲಿ ‘ಆಫ್ಟರ್ ಕ್ಯಾನ್ಸಲ್’ ಕರೆಯಿರಿ. ಆಮೇಲೆ ‘ಡಿಸ್ಟ್ರಾಯ್’ ಕರೆಯುವುದೂ ನಿಮ್ಮದೇ ಪಾಲಿನ ಕೆಲಸ. ಅದನ್ನು ಮರೆತರೆ, ಮೂಲೆಯ × ಗುರುತನ್ನು ಎಷ್ಟು ಸಲ ಒತ್ತಿದರೂ ವಿಂಡೋ ಮುಚ್ಚುವುದಿಲ್ಲ. ಮುಳ್ಳೂ ಆಗಲೇ ನಿಂತಿರುತ್ತದೆ.