ಮಗನ ಸಾಲವನ್ನು ನಾವೇ ತೀರಿಸಿಬಿಟ್ಟಿದ್ದು

ಮಗನ ಮೇಲಿದ್ದ ಸಾಲವನ್ನೆಲ್ಲ ಒಂದೇ ದಿನದಲ್ಲಿ ಕಟ್ಟಿ ಮುಗಿಸಿ ನಾನೂ ನನ್ನ ಯಜಮಾನರೂ ನೆಮ್ಮದಿಯ ಉಸಿರು ಬಿಟ್ಟಿದ್ದೆವು. ಅದಾಗಿ ಹತ್ತು ತಿಂಗಳು ಕಳೆಯುವಷ್ಟರಲ್ಲಿ ಅವನ ಹೆಸರಿನಲ್ಲಿ ಮತ್ತೆ ಎರಡು ಕ್ರೆಡಿಟ್ ಕಾರ್ಡುಗಳ ಬಾಕಿ, ಒಂದು ಆ್ಯಪ್ ಸಾಲ ಮತ್ತು ಅರ್ಧಕ್ಕೆ ಬಿಟ್ಟುಬಂದ ಬಾಡಿಗೆ ಕರಾರಿನ ನೋಟಿಸು ನಮ್ಮ ಮುಂದಿದ್ದವು. ಅವನಿಗಾಗ 23 ವರ್ಷ. ಖಿನ್ನತೆಯಿಂದ ಕೆಲಸ ಬಿಟ್ಟು ಕೋಣೆಯೊಳಗೇ ಉಳಿದಿದ್ದ. ಈ ಬರಹವನ್ನು ಅವನ ಒಪ್ಪಿಗೆ ಪಡೆದೇ ಹಾಕುತ್ತಿದ್ದೇನೆ. ಓದಿ ಎರಡು ವಾಕ್ಯಗಳನ್ನು ತೆಗೆಸಿದ್ದಾನೆ.

ಮೊದಲ ಸಲ ನಾವು ಮಾಡಿದ್ದು ಪ್ರೀತಿಯಿಂದಲೇ. ಆದರೆ ಆ ಸಾಲ ಹೇಗೆ ಬೆಳೆಯಿತು, ಯಾವ ಕಾಗದಕ್ಕೆ ಸಹಿ ಹಾಕಿದ್ದ, ಅದರಲ್ಲಿ ಏನು ಬರೆದಿತ್ತು ಎಂಬುದನ್ನು ಅವನೂ ನೋಡಲಿಲ್ಲ, ನಾವೂ ನೋಡಲಿಲ್ಲ. ಬಾಕಿ ಶೂನ್ಯವಾಯಿತು, ಕಾರ್ಡು ಮಾತ್ರ ಅವನ ಕಿಸೆಯಲ್ಲೇ ಉಳಿಯಿತು. ಅವನ ಕಾಯಿಲೆಯೂ ಹಾಗೆಯೇ ಉಳಿಯಿತು. ಕಷ್ಟದಲ್ಲಿರುವ ಮಕ್ಕಳಿಗೆ ಹಣ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಅವರ ಪರವಾಗಿ ಎಲ್ಲವನ್ನೂ ನಾವೇ ಮಾಡಿ ಮುಗಿಸುವುದಕ್ಕೂ ಅವರ ಪಕ್ಕದಲ್ಲಿ ಕುಳಿತು ಅವರಿಂದಲೇ ಮಾಡಿಸುವುದಕ್ಕೂ ಇರುವ ವ್ಯತ್ಯಾಸ ಎರಡನೆಯ ಸಲದ ಹೊತ್ತಿಗೆ ನನಗೆ ತಿಳಿಯಿತು ಎಂದಷ್ಟೇ ಹೇಳುತ್ತಿದ್ದೇನೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು’ ಎಂದು ಬಂಧುಗಳು ಅವನೆದುರಿಗೇ ಅಂದರು. ಗಾದೆ ಸುಳ್ಳಲ್ಲ, ಆದರೆ ಮೂರು ತಿಂಗಳಿಂದ ಒಂದು ಸಂದೇಶವನ್ನೂ ತೆರೆಯಲಾಗದೆ ಕುಳಿತವನಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಖಿನ್ನತೆಯಲ್ಲಿರುವವರಿಗೆ ಒಂದು ಫೋನ್ ಕರೆ ಮಾಡುವುದು, ಒಂದು ಸಣ್ಣ ನಿರ್ಧಾರ ತೆಗೆದುಕೊಳ್ಳುವುದು ಕೂಡ ಬೆಟ್ಟದಂತೆ ಕಾಣುತ್ತದೆ. ಉನ್ಮಾದದ ಹಂತವಿರುವ ಕಾಯಿಲೆಗಳಲ್ಲಾದರೆ ಕೈಬಿಚ್ಚಿ ಖರ್ಚು ಮಾಡುವುದೇ ರೋಗಲಕ್ಷಣವಾಗಿರಬಹುದು. ತೆರೆಯದ ನೋಟಿಸು ಭಯ ಹೆಚ್ಚಿಸುತ್ತದೆ, ಭಯ ಹೆಚ್ಚಾದಷ್ಟೂ ಮುಂದಿನ ನೋಟಿಸು ತೆರೆಯದೆ ಉಳಿಯುತ್ತದೆ, ಅಷ್ಟರಲ್ಲಿ ದಂಡದ ಬಡ್ಡಿ ತನ್ನ ಪಾಡಿಗೆ ತಾನು ಏರುತ್ತಿರುತ್ತದೆ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡು ಕುಳಿತೆವು. ಫೋನು ತೆರೆದುಕೊಟ್ಟವನು ಅವನು. ಯಾರಿಂದ ಬಂದಿದೆ, ಎಷ್ಟು, ಯಾವ ದಿನಾಂಕ ಎಂಬುದನ್ನಷ್ಟೇ ನಾನು ಓದಿದೆ. ಪುಸ್ತಕದಲ್ಲಿ ಬರೆದುಕೊಂಡವನೂ ಅವನೇ. ಬೈಗುಳವಿಲ್ಲ, ‘ಯಾಕೆ ಮಾಡಿದೆ’ ಎಂಬ ಪ್ರಶ್ನೆಯಿಲ್ಲ. ಎಲ್ಲವನ್ನೂ ಕೂಡಿಸಿದಾಗ ಬಂದ ಮೊತ್ತ ಅವನು ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡು ನಿದ್ದೆಗೆಟ್ಟಿದ್ದ ಮೊತ್ತಕ್ಕಿಂತ ಕಡಿಮೆಯಿತ್ತು. ಅವನ ಮುಖ ಸ್ವಲ್ಪವಾದರೂ ಸಡಿಲವಾದದ್ದನ್ನು ನಾನು ಕಂಡದ್ದು ಆ ದಿನ, ಒಂದು ಕಂತೂ ಕಟ್ಟುವ ಮೊದಲೇ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಮೊತ್ತ’ದ ಲೆಕ್ಕವನ್ನು ನಾನೂ ಅಂದೇ ಮೊದಲ ಬಾರಿಗೆ ಕಾಗದದ ಮೇಲೆ ಮಾಡಿದ್ದು. ಬಾಕಿ 100 ಇದೆ, ಬಡ್ಡಿ ತಿಂಗಳಿಗೆ 3 ಪ್ರತಿಶತ, ಪ್ರತಿ ತಿಂಗಳೂ ಬಾಕಿಯ 5 ಪ್ರತಿಶತವನ್ನಷ್ಟೇ ಕಟ್ಟುತ್ತೇವೆ ಎಂದುಕೊಳ್ಳೋಣ. ಹೊಸದಾಗಿ ಏನನ್ನೂ ಕೊಳ್ಳದಿದ್ದರೂ ವರ್ಷದ ಕೊನೆಗೆ ನಾವು ಸುಮಾರು 55 ಕಟ್ಟಿರುತ್ತೇವೆ, ಬಾಕಿ ಇನ್ನೂ 77ರಷ್ಟು ಉಳಿದಿರುತ್ತದೆ. ಏನನ್ನೂ ಕಟ್ಟದೆ ಬಿಟ್ಟರೆ, ದಂಡವನ್ನು ಸೇರಿಸದೆಯೂ, ಚಕ್ರಬಡ್ಡಿಯಲ್ಲಿ ಅದೇ 100 ಎರಡು ವರ್ಷಗಳಲ್ಲಿ 200 ದಾಟುತ್ತದೆ. ಪ್ರತಿ ತಿಂಗಳೂ ‘ಕಟ್ಟಿದ್ದೇನಲ್ಲ’ ಎಂದುಕೊಂಡಿದ್ದ ಮಗ ಈ ಲೆಕ್ಕವನ್ನು ಬಹಳ ಹೊತ್ತು ನೋಡುತ್ತಾ ಕುಳಿತ. ಗಂಟೆಗಟ್ಟಲೆ ಉಪದೇಶದಿಂದ ಆಗದ್ದು ಅದರಿಂದ ಆಯಿತು.

ಕರಾರುಗಳದ್ದು ಬೇರೆಯೇ ಕಥೆ. ಹಣ ಕಟ್ಟುವುದನ್ನು ನಿಲ್ಲಿಸಿದರೆ ಕರಾರು ತಾನಾಗಿ ಮುಗಿಯುತ್ತದೆ ಎಂದು ಅವನು ನಂಬಿದ್ದ. ಬ್ಯಾಂಕಿನಲ್ಲಿ ಆಟೋ ಡೆಬಿಟ್ ರದ್ದು ಮಾಡಿಸಿ, ಜಿಮ್ಮಿನ ಚಂದಾವೂ ಮುಗಿಯಿತು ಎಂದುಕೊಂಡಿದ್ದ. ಹಾಗೆ ಮಾಡಿದರೆ ಹಣ ಹೋಗುವುದು ನಿಲ್ಲುತ್ತದೆ, ಬಾಕಿ ನಿಲ್ಲುವುದಿಲ್ಲ. ಕನಿಷ್ಠ ಅವಧಿ ಎಷ್ಟು, ಎಷ್ಟು ದಿನ ಮೊದಲು ತಿಳಿಸಬೇಕು, ಅವಧಿಗೆ ಮೊದಲೇ ಬಿಟ್ಟರೆ ತೆರಬೇಕಾದದ್ದೇನು ಎಂಬ ಮೂರು ಸಂಗತಿಗಳನ್ನು ಹುಡುಕಿ ಓದಿ, ಬಿಡುತ್ತೇನೆ ಎಂಬುದನ್ನು ಲಿಖಿತವಾಗಿ ತಿಳಿಸಿ ಉತ್ತರವನ್ನೂ ಲಿಖಿತವಾಗಿಯೇ ಪಡೆಯಬೇಕು. ಫೋನಿನಲ್ಲಿ ‘ಆಯ್ತು ಸರ್, ಕ್ಲೋಸ್ ಮಾಡಿದ್ದೇವೆ’ ಎಂದವರ ಮಾತು ಮೂರು ತಿಂಗಳ ನಂತರ ಎಲ್ಲಿಯೂ ದಾಖಲಾಗಿರುವುದಿಲ್ಲ.

ಬಾಡಿಗೆಯ ಮನೆಯ ಕರಾರಿಗೆ ಅವನೂ ಅವನ ಸ್ನೇಹಿತನೂ ಸೇರಿ ಸಹಿ ಹಾಕಿದ್ದರು. ಸ್ನೇಹಿತ ಹೇಳದೆ ಹೊರಟುಹೋದ. ಅರ್ಧ ಬಾಡಿಗೆ ಮಾತ್ರ ತನ್ನ ಹೊಣೆ ಎಂದು ಮಗ ತಿಳಿದಿದ್ದ, ಆದರೆ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ ಎಂದು ಬರೆದ ಕರಾರಿನಲ್ಲಿ ಮಾಲೀಕರು ಪೂರ್ತಿ ಬಾಡಿಗೆಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ನಮ್ಮ ಅದೃಷ್ಟಕ್ಕೆ ಮಾಲೀಕರು ಮಾತಿಗೆ ಸಿಗುವವರಾಗಿದ್ದರು. ಹೊಸ ಬಾಡಿಗೆದಾರರನ್ನು ಹುಡುಕಿಕೊಟ್ಟು, ಮುಂಗಡದಲ್ಲಿ ಒಂದು ಪಾಲು ಬಿಟ್ಟುಕೊಟ್ಟು, ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಪತ್ರ ಪಡೆದು ಹೊರಬಂದೆವು.

ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಕಠೋರವೆನಿಸಬಹುದು. ಎಲ್ಲ ಸಾಲವನ್ನೂ ಒಂದುಗೂಡಿಸಿ ಕಡಿಮೆ ಬಡ್ಡಿಯ ಹೊಸ ಸಾಲ ತೆಗೆಯೋಣ, ನೀವು ಜಾಮೀನು ಹಾಕಿ ಎಂದು ಹತ್ತಿರದವರೇ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಜಾಮೀನು ಎಂದರೆ ಮಗನ ನಡತೆಗೆ ಕೊಡುವ ಪ್ರಮಾಣಪತ್ರವಲ್ಲ. ಅವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂಬ ಪ್ರತ್ಯೇಕ ಒಪ್ಪಂದ. ಹಲವು ದೇಶಗಳ ಕಾನೂನಿನಲ್ಲಿ ಸಾಲ ಕೊಟ್ಟವರು ಮೊದಲು ಸಾಲಗಾರನ ಬೆನ್ನುಹತ್ತಲೇಬೇಕೆಂದಿಲ್ಲ, ನೇರವಾಗಿ ಜಾಮೀನುದಾರರ ಬಳಿಗೇ ಬರಬಹುದು. ಅವನ ಒಂದು ಕಂತು ತಪ್ಪಿದರೆ ನನ್ನ ಕ್ರೆಡಿಟ್ ದಾಖಲೆಯೂ ಕೆಡಬಹುದು. ಅದಕ್ಕಿಂತ ದೊಡ್ಡದೆಂದರೆ, ಅಂದಿನಿಂದ ಅವನ ಪ್ರತಿ ಖರ್ಚನ್ನೂ ನಾನು ಸಾಲ ಕೊಟ್ಟವಳ ಕಣ್ಣಿನಿಂದ ನೋಡತೊಡಗುತ್ತಿದ್ದೆ. ಬದಲಾಗಿ, ವಾಪಸು ಬಾರದಿದ್ದರೂ ನಾವು ತಾಳಿಕೊಳ್ಳಬಲ್ಲ ಒಂದು ಮೊತ್ತವನ್ನು ಕೊಡುಗೆಯೆಂದೇ ಹೇಳಿ ಅವನ ಔಷಧಿಗೆ, ಚಿಕಿತ್ಸೆಗೆ ಕಟ್ಟಿದೆವು.

ಉಳಿದ ಹಣವನ್ನು ಯಾರಿಗೆ ಮೊದಲು ಕಟ್ಟಬೇಕು ಎಂಬುದರಲ್ಲಿ ಗದರಿಸಿದವರಿಗೆ ಮೊದಲ ಸ್ಥಾನ ಕೊಡಬಾರದು. ಸೂರು, ಔಷಧಿ, ವಿದ್ಯುತ್ತು ಇವುಗಳ ನಂತರ ಅತಿ ಹೆಚ್ಚು ಬಡ್ಡಿಯ ಸಾಲ. ವಸೂಲಿಯವರು ನನಗೂ ಫೋನ್ ಮಾಡಿದರು. ಸಹಿ ಹಾಕದ ತಂದೆ ತಾಯಿ ಸಾಮಾನ್ಯವಾಗಿ ವಯಸ್ಕ ಮಕ್ಕಳ ಸಾಲಕ್ಕೆ ಹೊಣೆಯಲ್ಲ ಎಂಬುದು ತಿಳಿದಿದ್ದರಿಂದ, ‘ಏನಿದ್ದರೂ ಅವನಿಗೆ ಬರವಣಿಗೆಯಲ್ಲಿ ಕಳಿಸಿ’ ಎಂದಷ್ಟೇ ಹೇಳಿ ಇಟ್ಟೆ. ಒಂದು ಹಳೆಯ ಬಾಕಿಗೆ ‘ಸ್ವಲ್ಪವಾದರೂ ಕಟ್ಟಿ’ ಎಂದು ಬಹಳ ಒತ್ತಾಯ ಮಾಡಿದರು. ಕೋರ್ಟಿನ ಮೂಲಕ ವಸೂಲಿ ಮಾಡಲು ಇರುವ ಕಾಲಮಿತಿ ಮೀರುತ್ತಿರುವ ಸಾಲಕ್ಕೆ ಹಾಗೆ ಸ್ವಲ್ಪ ಕಟ್ಟಿದರೆ ಅಥವಾ ಬರೆದು ಒಪ್ಪಿಕೊಂಡರೆ ಹಲವು ಕಡೆ ಆ ಕಾಲಮಿತಿ ಹೊಸದಾಗಿ ಶುರುವಾಗುತ್ತದೆಯಾದ್ದರಿಂದ, ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಲಿಲ್ಲ. ಅರ್ಧಕ್ಕೆ ಸೆಟ್ಲ್‌ಮೆಂಟ್ ಮಾಡಿಕೊಡುತ್ತೇವೆ ಎಂದವರಿಗೂ ಅವನು ತಕ್ಷಣ ಹೂಂ ಅನ್ನಲಿಲ್ಲ. ಪೂರ್ತಿ ತೀರಿಸಿದ ಸಾಲವೂ ರಿಯಾಯಿತಿಯಲ್ಲಿ ಮುಗಿಸಿದ ಸಾಲವೂ ಕ್ರೆಡಿಟ್ ವರದಿಯಲ್ಲಿ ಸಾಮಾನ್ಯವಾಗಿ ಬೇರೆ ಬೇರೆಯಾಗಿ ದಾಖಲಾಗುತ್ತವೆ.

ಕಾಯಿಲೆಯ ಸಂಗತಿಯನ್ನು ಸಾಲ ಕೊಟ್ಟವರಿಗೆ ಹೇಳಬೇಕೇ ಎಂಬ ಬಗ್ಗೆ ಮನೆಯಲ್ಲಿ ವಾದವೇ ನಡೆಯಿತು. ನಿರ್ಧಾರ ಮಾಡಿದವನು ಅವನು. ವೈದ್ಯರಿಂದ ಪತ್ರ ಪಡೆದು ಕಳಿಸಿದ, ಒಂದು ಕಡೆ ದಂಡ ಬಿಟ್ಟರು, ಇನ್ನೊಂದು ಕಡೆ ಉತ್ತರವೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿಂದ ಇದಕ್ಕೊಂದು ಕಾನೂನೇ ಇದೆ: ಮಾನಸಿಕ ಆರೋಗ್ಯದ ಬಿಕ್ಕಟ್ಟಿಗೆ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ಮತ್ತು ಆಮೇಲಿನ 30 ದಿನ ಸಾಮಾನ್ಯವಾಗಿ ಬಡ್ಡಿ, ದಂಡ, ವಸೂಲಿ ಎಲ್ಲವೂ ನಿಲ್ಲುತ್ತವೆ. ಸಾಲವೇನೂ ಮನ್ನಾ ಆಗುವುದಿಲ್ಲ, ಆದರೆ ಉಸಿರಾಡಲು ಅವಕಾಶ ಸಿಗುತ್ತದೆ. ಇಂಥದ್ದು ಎಲ್ಲ ಕಡೆಯೂ ಇರಬೇಕಿತ್ತು.

ಮೊದಲ ಕರೆಯಲ್ಲಿ ಅವನಿಗೆ ನಾಲ್ಕು ನಿಮಿಷ ಮಾತಾಡಲಷ್ಟೇ ಸಾಧ್ಯವಾಯಿತು, ಅದೂ ಹೇಳಬೇಕಾದ ವಾಕ್ಯಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು. ನಾನು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ಸುಮ್ಮನಿರುವುದು ನನಗೆ ಸುಲಭವಾಗಿರಲಿಲ್ಲ, ಎರಡು ಸಲ ಫೋನು ಕಸಿದುಕೊಳ್ಳಲು ಕೈ ಚಾಚಿದ್ದೂ ಉಂಟು. ಈಗ ಒಂದು ಕಾರ್ಡು ಮುಚ್ಚಿದೆ, ಆ್ಯಪ್ ಸಾಲ ತೀರಿದೆ, ಇನ್ನೊಂದು ಕಾರ್ಡಿಗೆ 11 ಕಂತುಗಳು ಉಳಿದಿವೆ. ಈ ತಿಂಗಳ ಕಂತು ತಡವಾಗಿದೆ. ತಡವಾಗುತ್ತದೆ ಎಂದು ಮೂರು ದಿನ ಮೊದಲೇ ಅವನೇ ಫೋನ್ ಮಾಡಿ ತಿಳಿಸಿದ್ದನಂತೆ. ನನಗೆ ಗೊತ್ತಾದದ್ದು ನಿನ್ನೆ.